ಎರಡಿಂಚಿನ ಅಕ್ಷರಕ್ಕೆ ಎಷ್ಟು ಪಾಯಿಂಟ್?

ನಮ್ಮ ಡಿಟಿಪಿ ಅಂಗಡಿಗೆ ಬರುವವರು ‘ಅಕ್ಷರ ಎರಡಿಂಚು ಇರಲಿ’ ಅಂತಾರೆ. ಕಂಪ್ಯೂಟರಿನಲ್ಲಿ ಫಾಂಟ್ ಸೈಜ್ ಕೊಡುವುದು ಪಾಯಿಂಟಿನಲ್ಲಿ. 72 ಪಾಯಿಂಟಿಗೆ ಒಂದಿಂಚು, ಹಾಗಾಗಿ 144 ಕೊಟ್ಟರಾಯಿತು ಅಂದುಕೊಳ್ಳಬೇಡಿ. ಆ ಅಳತೆ ಅಕ್ಷರದ್ದಲ್ಲ, ಅದು ಕೂರುವ ಚೌಕದ್ದು. ಹಿಂದೆ ಸೀಸದ ಅಚ್ಚುಮೊಳೆಗಳಿಂದ ಮುದ್ರಿಸುತ್ತಿದ್ದಾಗ ಅದು ಮೊಳೆಯ ಮೈ ಅಳತೆಯಾಗಿತ್ತು. ಕನ್ನಡದಲ್ಲಂತೂ ಮೇಲೆ ಗುಡಿಸು, ಕೆಳಗೆ ಒತ್ತು. ಅವಕ್ಕೆಲ್ಲ ಜಾಗ ಬಿಟ್ಟು ‘ಕ’ ಚಿಕ್ಕದಾಗಿಯೇ ಉಳಿಯುತ್ತದೆ.

ಬೇಕಾದ ಫಾಂಟಿನಲ್ಲಿ ‘ಕ’ವನ್ನು 100 ಪಾಯಿಂಟಿಗೆ ಇಟ್ಟು ಪ್ರಿಂಟ್ ತೆಗೆಯಿರಿ. ಸ್ಕೇಲ್ 100% ಇರಲಿ. ‘ಫಿಟ್ ಟು ಪೇಜ್’ ಇದ್ದರೆ ಲೆಕ್ಕವೆಲ್ಲ ಎಕ್ಕುಟ್ಟಿಹೋಗುತ್ತದೆ. ಅಡಿಪಟ್ಟಿಯಲ್ಲಿ ‘ಕ’ದ ಎತ್ತರ ಅಳೆಯಿರಿ. 16 ಮಿ.ಮೀ. ಬಂತು ಅನ್ನಿ. ಎರಡಿಂಚು ಅಂದರೆ 50.8 ಮಿ.ಮೀ.; ಅದನ್ನು 16ರಿಂದ ಭಾಗಿಸಿ 100ರಿಂದ ಗುಣಿಸಿದರೆ 317.5 ಪಾಯಿಂಟ್. ಫಾಂಟ್ ಬದಲಿಸಿದರೆ ಮತ್ತೆ ಅಳೆಯಬೇಕು. ‘ಸ್ತ್ರೀ’ ತರಹದ ಪದವಿದ್ದರೆ ಬೋರ್ಡಿನ ಕೆಳಗೆ ಧಾರಾಳವಾಗಿ ಜಾಗ ಬಿಡಿ, ಒತ್ತು ಕತ್ತರಿಸಿಹೋದೀತು.