ವಿರೋಧ ಪಕ್ಷದ ಸಂಸದರನ್ನು ಜೈಲಿಗೆ ಹಾಕಿದರೆ ಜಿನೀವಾಕ್ಕೆ ದೂರು ಕೊಡುವುದು ಹೇಗೆ?

ಫಿಲಿಪ್ಪೀನ್ಸ್‌ನ ಸೆನೆಟರ್ ಲೈಲಾ ಡಿ ಲಿಮಾ ಅವರನ್ನು ಪೊಲೀಸರು ಬಂಧಿಸಿದ್ದು 2017ರ ಫೆಬ್ರುವರಿ 24ರಂದು. ಅವರು ಹೊರಗೆ ಬಂದದ್ದು 2023ರ ನವೆಂಬರ್ 13ರಂದು, ಅದೂ ಜಾಮೀನಿನ ಮೇಲೆ. ಆರೂವರೆ ವರ್ಷಕ್ಕಿಂತ ಜಾಸ್ತಿ ಒಳಗಿದ್ದರು. ಅಧ್ಯಕ್ಷ ಡುಟರ್ಟೆ ಕಾಲದ 'ಡ್ರಗ್ಸ್ ವಿರುದ್ಧದ ಯುದ್ಧ'ದಲ್ಲಿ ನಡೆದ ಕೊಲೆಗಳ ಬಗ್ಗೆ ಸೆನೆಟ್‌ನಲ್ಲಿ ವಿಚಾರಣೆ ಶುರು ಮಾಡಿದವರು ಇವರೇ. ಕೆಲವೇ ತಿಂಗಳಲ್ಲಿ ಇವರ ಮೇಲೆಯೇ ಮೂರು ಡ್ರಗ್ಸ್ ಕೇಸು ಬಿದ್ದವು. 2024ರ ಜೂನ್ ಹೊತ್ತಿಗೆ ಆ ಮೂರರಲ್ಲಿ ಒಂದೂ ಕೋರ್ಟಿನಲ್ಲಿ ನಿಲ್ಲಲಿಲ್ಲ.

ಇಂಥ ಸಂಸದರ ಪರವಾಗಿ ಕೇಳುವುದಕ್ಕೆಂದೇ ಒಂದು ಸಮಿತಿ ಇದೆ. ಅಂತರ ಸಂಸದೀಯ ಒಕ್ಕೂಟ, ಅಂದರೆ ಐಪಿಯು, 1889ರಲ್ಲಿ ಹುಟ್ಟಿದ ಸಂಸ್ಥೆ. ಜಗತ್ತಿನ ಬಹುಪಾಲು ಸಂಸತ್ತುಗಳು ಇದರ ಸದಸ್ಯರು, ಭಾರತವೂ ಹೌದು. ಕಚೇರಿ ಜಿನೀವಾದಲ್ಲಿದೆ. 1976ರಲ್ಲಿ ಇದು 'ಸಂಸದರ ಮಾನವ ಹಕ್ಕುಗಳ ಸಮಿತಿ'ಯನ್ನು ಕಟ್ಟಿತು. ಬೇರೆ ಬೇರೆ ದೇಶಗಳ ಸಂಸದರೇ ಕೂತು, ಇನ್ನೊಂದು ದೇಶದ ಸಂಸದರ ದೂರು ಕೇಳುವ ಜಾಗ ಇದು. ಬರುವ ದೂರುಗಳಲ್ಲಿ ಬಹುಪಾಲು ವಿರೋಧ ಪಕ್ಷದವರದ್ದೇ.

ಈ ಸಮಿತಿಗೆ ಪೊಲೀಸರಿಲ್ಲ, ಜೈಲಿನ ಬೀಗ ತೆಗೆಸುವ ಅಧಿಕಾರವೂ ಇಲ್ಲ. ಆದರೂ ಇದನ್ನು ಬಳಸಬೇಕು, ಸರಿಯಾಗಿ ಬಳಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದರೆ ಜೈಲಿನಲ್ಲಿರುವ ಸಂಸದರಿಗೆ ದೊಡ್ಡ ಅಪಾಯ ಅಂದರೆ ಹೊರಗಿನವರು ಅವರನ್ನು ಮರೆತುಬಿಡುವುದು. ತಾರೀಖು, ಹೆಸರು, ದಾಖಲೆ ಇರುವ ಒಂದು ದೂರು ವರ್ಷ ವರ್ಷವೂ ಸರ್ಕಾರದ ಮೇಜಿಗೆ ಮತ್ತೆ ಬಂದು ಬೀಳುತ್ತಿದ್ದರೆ ಮರೆಯುವುದು ಕಷ್ಟ.

ಮೊದಲು: ಇದು ಈ ಸಮಿತಿಗೆ ಹೋಗುವ ಕೇಸೇ?

ಎರಡು ವಿಷಯ ನೋಡಿ. ಒಂದು, ತೊಂದರೆ ಆದಾಗ ಆ ವ್ಯಕ್ತಿ ರಾಷ್ಟ್ರೀಯ ಸಂಸತ್ತಿನ ಸದಸ್ಯರಾಗಿದ್ದರೇ? ಕೆಳಮನೆಯೋ ಮೇಲ್ಮನೆಯೋ, ಯಾವುದಾದರೂ ಸರಿ. ಆಮೇಲೆ ಸೀಟು ಹೋಗಿದ್ದರೂ ಅಡ್ಡಿಯಿಲ್ಲ. ನಮ್ಮ ಶಾಸಕರು, ಮೇಯರ್‌ಗಳು, ಪಕ್ಷದ ಕಾರ್ಯಕರ್ತರು ಇದರಲ್ಲಿ ಬರುವುದಿಲ್ಲ, ಅವರಿಗೆ ದಾರಿ ಬೇರೆ.

ಎರಡು, ಆಗಿರುವುದು ಹಕ್ಕಿನ ಉಲ್ಲಂಘನೆಯೇ? ಕೊಲೆ, ಕೊಲೆಯತ್ನ, ಬೆದರಿಕೆ, ಚಿತ್ರಹಿಂಸೆ, ನಾಪತ್ತೆ, ಕಾರಣವಿಲ್ಲದ ಬಂಧನ, ನ್ಯಾಯವಲ್ಲದ ವಿಚಾರಣೆ, ಮಾತನಾಡಿದ್ದಕ್ಕೆ ಶಿಕ್ಷೆ, ಅಕ್ರಮವಾಗಿ ಸದಸ್ಯತ್ವ ಕಿತ್ತುಕೊಳ್ಳುವುದು ಇವೆಲ್ಲ ಬರುತ್ತವೆ. ಟಿಕೆಟ್ ಸಿಗಲಿಲ್ಲ, ಸದನದಲ್ಲಿ ಮೈಕ್ ಒಂದು ಸಲ ಆಫ್ ಆಯಿತು ಎಂಬ ದೂರು ಇಲ್ಲಿ ನಿಲ್ಲುವುದಿಲ್ಲ.

ಇಲ್ಲೊಂದು ಮಾತು ನೇರವಾಗಿ ಹೇಳಬೇಕು. ಜೈಲಿಗೆ ಹೋದ ವಿರೋಧ ಪಕ್ಷದವರೆಲ್ಲ ನಿರಪರಾಧಿಗಳಲ್ಲ. ದುಡ್ಡು ತಿಂದವರೂ ಇರುತ್ತಾರೆ. ಆದರೆ ಕಳ್ಳತನದ ಆರೋಪ ಹೊತ್ತವರಿಗೂ ವಕೀಲರನ್ನು ಕಾಣುವ, ಪೆಟ್ಟು ತಿನ್ನದೆ ಇರುವ, ಬೇಗ ವಿಚಾರಣೆ ಪಡೆಯುವ ಹಕ್ಕಿದೆ. ದೂರು ಬರೆಯುವಾಗ 'ಇವರು ಒಳ್ಳೆಯವರು' ಎಂದು ಸಾಧಿಸಲು ಹೋಗಬೇಡಿ. ಎಲ್ಲಿ ನಿಯಮ ಮುರಿದಿದೆ ಎಂದು ತೋರಿಸಿ.

ಯಾರು ಕೊಡಬಹುದು?

ಸಂಸದರು ಸ್ವತಃ ಕೊಡಬಹುದು. ಅವರ ಮನೆಯವರು, ವಕೀಲರು, ಅವರ ಪಕ್ಷ, ಬೇರೆ ಸಂಸದರು, ಮಾನವ ಹಕ್ಕು ಸಂಘಟನೆಗಳೂ ಕೊಡಬಹುದು. ಸಾಧ್ಯವಿದ್ದರೆ ಸಂಸದರ ಅಥವಾ ಮನೆಯವರ ಒಪ್ಪಿಗೆ ಮೊದಲೇ ಪಡೆಯಿರಿ. ದೂರು ಹೋದ ಸುದ್ದಿ ತಿಳಿದರೆ ಒಳಗಿರುವವರಿಗೆ ಕಿರುಕುಳ ಹೆಚ್ಚಬಹುದು. ಆ ಅಪಾಯ ತೆಗೆದುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಅವರು. ಹೊರಗೆ ಸುರಕ್ಷಿತವಾಗಿ ಕೂತ ನಾವಲ್ಲ.

ಘಟನೆಯನ್ನು ಬರೆಯುವುದು: ಇದೇ ಮುಖ್ಯ ಕೆಲಸ

ಹೆಚ್ಚಿನ ದೂರುಗಳು ಸೊರಗುವುದು ಇಲ್ಲಿ. 'ಸರ್ವಾಧಿಕಾರಿ ಸರ್ಕಾರ ನಮ್ಮ ಜನಪ್ರಿಯ ನಾಯಕರನ್ನು ಅಮಾನುಷವಾಗಿ ಬಂಧಿಸಿದೆ' ಎಂದು ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಅದು ಭಾಷಣ ಅಷ್ಟೆ.

ನಮ್ಮ ಊರಿನದೇ ಒಂದು ಪ್ರಕರಣ ಇಟ್ಟುಕೊಂಡು ಬರೆದು ನೋಡೋಣ.

ಯಾರು: ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರಾ. ನಾಲ್ವರೂ ಆಗ ಸಂಸದರು, ಮೂರು ಬೇರೆ ಬೇರೆ ವಿರೋಧ ಪಕ್ಷಗಳವರು. ಯಾವಾಗ: 1975ರ ಜೂನ್ 26, ತುರ್ತು ಪರಿಸ್ಥಿತಿ ಘೋಷಣೆಯಾದ ಮರುದಿನ. ಎಲ್ಲಿ: ಬೆಂಗಳೂರು. ಅಲ್ಲಿಗೆ ಯಾಕೆ ಬಂದಿದ್ದರು: ಪಕ್ಷಾಂತರ ತಡೆ ಮಸೂದೆ ಕುರಿತ ಸಂಸದೀಯ ಸಮಿತಿಯ ಸಭೆಗೆ. ಯಾವ ಕಾಯ್ದೆ: ಮೀಸಾ, ಅಂದರೆ ವಿಚಾರಣೆಯಿಲ್ಲದೆ ಒಳಗಿಡುವ ಕಾಯ್ದೆ. ಎಲ್ಲಿಗೆ ಒಯ್ದರು: ಸೆಂಟ್ರಲ್ ಜೈಲಿಗೆ, ಅಂದರೆ ಈಗಿನ ಫ್ರೀಡಂ ಪಾರ್ಕ್ ಜಾಗಕ್ಕೆ. ಏನು ಪರಿಹಾರ ಕೇಳಿದರು: ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನ ಕಾನೂನುಬದ್ಧವೇ ಎಂದು ಪರಿಶೀಲಿಸಿ ಎಂಬ ಅರ್ಜಿ. ಏನಾಯಿತು: ಅರ್ಜಿ ಕೇಳಬಹುದು ಎಂದು ಹೈಕೋರ್ಟ್ ಹೇಳಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು, ಬೇರೆ ಹೈಕೋರ್ಟ್‌ಗಳ ಇಂಥದ್ದೇ ಕೇಸುಗಳ ಜೊತೆ ಇದಕ್ಕೂ ತೀರ್ಪು ಬಂತು. ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸುವಂತಿಲ್ಲ ಎಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ.

ನೋಡಿ, ಇಷ್ಟರಲ್ಲಿ ಒಂದೇ ಒಂದು ಬೈಗುಳವಿಲ್ಲ. ಆದರೆ ಓದಿದವರಿಗೆ ಎಲ್ಲ ಅರ್ಥವಾಗುತ್ತದೆ, ಅಲ್ವಾ? ಸಂಸತ್ತಿನ ಕೆಲಸಕ್ಕೆಂದು ಬಂದವರನ್ನೇ ಹಿಡಿದರು ಎಂಬ ಒಂದು ಸಂಗತಿ ಹತ್ತು ವಿಶೇಷಣಗಳಿಗಿಂತ ಗಟ್ಟಿ. ಸಂಸದರ ಕೆಲಸಕ್ಕೂ ಬಂಧನಕ್ಕೂ ಇರುವ ನಂಟನ್ನು ಹೀಗೆ ತೋರಿಸಿ. ಡಿ ಲಿಮಾ ವಿಷಯದಲ್ಲೂ ಅಷ್ಟೇ. 2016ರ ಸೆಪ್ಟೆಂಬರ್‌ನಲ್ಲಿ ಅವರನ್ನು ಸೆನೆಟ್‌ನ ನ್ಯಾಯ ಮತ್ತು ಮಾನವ ಹಕ್ಕುಗಳ ಸಮಿತಿಯ ಅಧ್ಯಕ್ಷ ಸ್ಥಾನದಿಂದ ಇಳಿಸಿದರು, ಫೆಬ್ರುವರಿಯಲ್ಲಿ ಬಂಧಿಸಿದರು. ಆ ಎರಡು ತಾರೀಖು ಅಕ್ಕಪಕ್ಕ ಇಟ್ಟರೆ ಸಾಕು.

ಕಣ್ಣಾರೆ ಕಂಡದ್ದು ಬೇರೆ, ಕೇಳಿದ್ದು ಬೇರೆ. ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ. ಗೊತ್ತಿಲ್ಲದ್ದನ್ನು ಊಹಿಸಿ ತುಂಬಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಸರ್ಕಾರ ಅದನ್ನೇ ಹಿಡಿದುಕೊಂಡು ಉಳಿದದ್ದನ್ನೆಲ್ಲ ತಳ್ಳಿಹಾಕುತ್ತದೆ.

ದಾಖಲೆ ಜೋಡಿಸಿ

ಎಫ್‌ಐಆರ್, ವಾರಂಟ್, ಚಾರ್ಜ್‌ಶೀಟ್, ಕೋರ್ಟ್ ಆದೇಶಗಳ ನಕಲು ಬೇಕು. ಆ ದೇಶದ ಸಂವಿಧಾನದಲ್ಲಿ ಸಂಸದರಿಗೆ ಇರುವ ರಕ್ಷಣೆಯ ಕಲಮು ಹಾಕಿ. ಅದನ್ನು ತೆಗೆಯಲು ಸಂಸತ್ತು ಮತ ಹಾಕಿತೇ, ಚರ್ಚೆ ನಡೆಯಿತೇ ಎಂಬುದನ್ನೂ ಬರೆಯಿರಿ.

ಹೊಡೆದಿದ್ದರೆ ವೈದ್ಯರ ವರದಿಯೇ ಜೀವಾಳ. ಉಗಾಂಡದ ಸಂಸದ ರಾಬರ್ಟ್ ಕ್ಯಾಗುಲಾನಿಯನ್ನು, ಅಂದರೆ ಹಾಡುಗಾರ ಬಾಬಿ ವೈನ್ ಅವರನ್ನು, 2018ರ ಆಗಸ್ಟ್‌ನಲ್ಲಿ ಆರುವಾ ಪಟ್ಟಣದ ಉಪಚುನಾವಣೆ ಪ್ರಚಾರದ ವೇಳೆ ಹಿಡಿದರು. ಅವರ ಚಾಲಕ ಗುಂಡಿಗೆ ಬಲಿಯಾದರು. ಬಾಬಿ ವೈನ್ ಅವರನ್ನು ಮೊದಲು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ನೆಟ್ಟಗೆ ನಡೆಯಲೂ ಆಗದ ಸ್ಥಿತಿಯಲ್ಲಿದ್ದರು. ಇಂಥ ಹೊತ್ತಿನಲ್ಲಿ ಗಾಯ ಮಾಯುವ ಮುಂಚೆಯೇ ಸ್ವತಂತ್ರ ವೈದ್ಯರ ತಪಾಸಣೆ ಆಗಬೇಕು. ತಾರೀಖು ಇರುವ ಫೋಟೊ ತೆಗೆಯಬೇಕು. ತಡವಾದರೆ ಸಾಕ್ಷಿಯೇ ಅಳಿಸಿಹೋಗುತ್ತದೆ.

ಒಕ್ಕೂಟ ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ ಕೆಲಸ ಮಾಡುತ್ತದೆ. ಬೇರೆ ಭಾಷೆಯ ದಾಖಲೆಗಳಿದ್ದರೆ ಮುಖ್ಯ ಭಾಗದ ಅನುವಾದ ಜೊತೆಗಿಡಿ. ಎಲ್ಲದರ ಒಂದು ಪ್ರತಿ ದೇಶದ ಹೊರಗೆ ನಂಬಿಕಸ್ತರ ಹತ್ತಿರ ಇರಲಿ.

ಕಳಿಸಿದ ಮೇಲೆ ಏನಾಗುತ್ತದೆ?

ಸಮಿತಿ ಮೊದಲು ದೂರು ತನ್ನ ವ್ಯಾಪ್ತಿಗೆ ಬರುತ್ತದೆಯೇ ಎಂದು ನೋಡುತ್ತದೆ. ಬಂದರೆ ಆ ದೇಶದ ಸಂಸತ್ತಿಗೆ, ಸರ್ಕಾರಕ್ಕೆ ಬರೆದು ಅವರ ಉತ್ತರ ಕೇಳುತ್ತದೆ. ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ತೀರ್ಮಾನಗಳನ್ನು ಒಕ್ಕೂಟದ ಆಡಳಿತ ಮಂಡಳಿಯ ಮುಂದೆ ಇಡಬಹುದು. ಅಲ್ಲಿ ಆರೋಪ ಹೊತ್ತ ದೇಶದ ಸಂಸದರೂ ಕೂತಿರುತ್ತಾರೆ, ಬೇರೆ ದೇಶಗಳವರ ಎದುರು ಉತ್ತರ ಕೊಡಬೇಕಾಗುತ್ತದೆ. ವಿದೇಶಾಂಗ ಇಲಾಖೆಯ ಹೇಳಿಕೆಗಿಂತ ಈ ಮುಜುಗರಕ್ಕೆ ಬೆಲೆ ಜಾಸ್ತಿ ಎಂದು ನನಗನಿಸುತ್ತದೆ. ನಾಳೆ ತಾನೂ ವಿರೋಧ ಪಕ್ಷದಲ್ಲಿ ಕೂರಬೇಕಾಗಬಹುದು ಎಂದು ಪ್ರತಿ ಸಂಸದರಿಗೂ ಗೊತ್ತು.

ಸಮಿತಿ ನಿಯೋಗ ಕಳಿಸಬಹುದು, ವಿಚಾರಣೆಗೆ ವೀಕ್ಷಕರನ್ನೂ ಕಳಿಸಬಹುದು. ಮಲೇಷ್ಯಾದ ಆಗಿನ ವಿರೋಧ ಪಕ್ಷದ ನಾಯಕ ಅನ್ವರ್ ಇಬ್ರಾಹಿಂ ಅವರ ವಿಚಾರಣೆಗೆ ವೀಕ್ಷಕರು ಹೋಗಿದ್ದರು. 2015ರಲ್ಲಿ ಜೈಲು ಸೇರಿದ ಅವರು 2018ರಲ್ಲಿ ಕ್ಷಮಾದಾನ ಪಡೆದು ಬಂದರು, 2022ರಲ್ಲಿ ಪ್ರಧಾನಿಯಾದರು. ಇದು ಸಮಿತಿಯಿಂದಲೇ ಆಯಿತು ಅನ್ನಲಾಗದು, ಅಲ್ಲಿನ ಮತದಾರರು ಸರ್ಕಾರವನ್ನೇ ಬದಲಿಸಿದ್ದರು.

ನೀವು ಮಾಡಬೇಕಾದದ್ದು ಸುದ್ದಿ ಕೊಡುತ್ತಾ ಇರುವುದು. ವಿಚಾರಣೆ ಮುಂದೂಡಿದರೆ ತಿಳಿಸಿ. ಜಾಮೀನು ಸಿಗದಿದ್ದರೆ ತಿಳಿಸಿ. ಸಾಕ್ಷಿ ಉಲ್ಟಾ ಹೊಡೆದರೆ ಕೂಡಲೇ ತಿಳಿಸಿ. ಡಿ ಲಿಮಾ ಕೇಸಿನಲ್ಲಿ 2022ರಲ್ಲಿ ಪ್ರಮುಖ ಸಾಕ್ಷಿಗಳೇ ತಮ್ಮ ಹೇಳಿಕೆ ಹಿಂದಕ್ಕೆ ಪಡೆದರು, ಅಲ್ಲಿಂದ ಕೇಸಿನ ಬುಡವೇ ಅಲುಗಿತು. ದೂರು ಕಳಿಸಿ ಸುಮ್ನೆ ಕೂತರೆ ಇಂಥ ತಿರುವು ಜಿನೀವಾಕ್ಕೆ ಮುಟ್ಟುವುದಿಲ್ಲ.

ಇದೊಂದನ್ನೇ ನಂಬಿ ಕೂರಬೇಡಿ

ದೇಶದೊಳಗಿನ ಕೋರ್ಟಿನ ಹೋರಾಟ ನಿಲ್ಲಿಸಬಾರದು. ಜೊತೆಗೆ, ಕಾರಣವಿಲ್ಲದ ಬಂಧನಗಳನ್ನು ನೋಡುವ ವಿಶ್ವಸಂಸ್ಥೆಯ ಕಾರ್ಯಗುಂಪಿಗೂ ಬರೆಯಬಹುದು. ಡಿ ಲಿಮಾ ಬಂಧನ ಅನ್ಯಾಯದ್ದು ಎಂದು ಅದು 2018ರಲ್ಲೇ ಹೇಳಿತ್ತು. ಯುರೋಪಿನ ದೇಶಗಳಿಗೆ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವಿದೆ. ಜೈಲಿನಲ್ಲಿದ್ದ ಟರ್ಕಿಯ ವಿರೋಧ ಪಕ್ಷದ ನಾಯಕ ಸಲಾಹತ್ತಿನ್ ದೆಮಿರ್ತಾಶ್ ಅವರನ್ನು ತಕ್ಷಣ ಬಿಡಬೇಕೆಂದು ಅದು 2020ರ ಡಿಸೆಂಬರ್‌ನಲ್ಲಿ ಹೇಳಿತು. ಸರ್ಕಾರ ವರ್ಷಗಟ್ಟಲೆ ಬಿಡಲಿಲ್ಲ. ಹಾಗಾಗಿಯೇ ಎಲ್ಲ ಬಾಗಿಲನ್ನೂ ಒಟ್ಟಿಗೆ ಬಡಿಯಬೇಕು.

ಭಾರತದಲ್ಲಿ ಇನ್ನೊಂದು ಮೆಟ್ಟಿಲಿದೆ. ಲೋಕಸಭೆಯ ನಿಯಮ 229ರ ಪ್ರಕಾರ ಸದಸ್ಯರನ್ನು ಬಂಧಿಸಿದ ಅಧಿಕಾರಿ ಕಾರಣ ಮತ್ತು ಇಟ್ಟಿರುವ ಜಾಗದ ಸಮೇತ ಸ್ಪೀಕರ್‌ಗೆ ತಕ್ಷಣ ತಿಳಿಸಬೇಕು. ಸ್ಪೀಕರ್ ಅನುಮತಿ ಇಲ್ಲದೆ ಸದನದ ಆವರಣದಲ್ಲಿ ಬಂಧಿಸುವಂತಿಲ್ಲ. ತಿಳಿಸಲಿಲ್ಲವಾದರೆ ಹಕ್ಕುಚ್ಯುತಿ ನೋಟಿಸ್ ಕೊಡಬಹುದು. ಆದರೆ ಕ್ರಿಮಿನಲ್ ಕೇಸಿನಲ್ಲಿ ಬಂಧನದಿಂದ ನಮ್ಮ ಸಂಸದರಿಗೆ ವಿನಾಯಿತಿ ಇಲ್ಲ, ಇದನ್ನು ಹಲವರು ತಪ್ಪು ತಿಳಿದಿದ್ದಾರೆ.

ಓದುಗರು ಏನು ಮಾಡಬಹುದು?

ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪುಟದ ಪತ್ರ ಬರೆಯಿರಿ. ಅವರು ಆಳುವ ಪಕ್ಷದವರಾದರೂ ಬರೆಯಿರಿ, ಅವರ ಮಾತಿಗೆ ತೂಕ ಜಾಸ್ತಿ. ಐಪಿಯು ಜೊತೆ ವ್ಯವಹರಿಸುವ ಭಾರತೀಯ ಸಂಸದೀಯ ಗುಂಪಿಗೆ ಲೋಕಸಭೆಯ ಸ್ಪೀಕರ್ ಅವರೇ ಅಧ್ಯಕ್ಷರು, ಅಲ್ಲಿ ಈ ವಿಷಯ ಎತ್ತಿ ಎಂದು ಕೇಳಿ. ಬ್ರಿಟನ್ ಅಥವಾ ಆಸ್ಟ್ರೇಲಿಯಾದಲ್ಲಿ ಮತ ಹಾಕುವ ಕನ್ನಡಿಗರು ಅಲ್ಲಿನ ಸಂಸದರಿಗೆ ಹೀಗೆಯೇ ಬರೆಯಬಹುದು. ಅಮೆರಿಕದ ಕಾಂಗ್ರೆಸ್ ಒಕ್ಕೂಟದ ಸದಸ್ಯನಲ್ಲ, ಆದರೆ ಅಲ್ಲಿನ ಪ್ರತಿನಿಧಿಗಳು ಸಂಸದರನ್ನು ಬಂಧಿಸಿದ ಸರ್ಕಾರಕ್ಕೆ ನೇರವಾಗಿ ಬರೆಯಬಲ್ಲರು.

ಪತ್ರದಲ್ಲಿ ಮೂರು ವಿಷಯ ಸಾಕು: ಸಂಸದರ ಹೆಸರು ಮತ್ತು ದೇಶ, ಬಂಧನದ ತಾರೀಖು, ನೀವು ಕೇಳುವ ಒಂದು ನಿರ್ದಿಷ್ಟ ಕ್ರಮ. 'ವಿಚಾರಣೆಗೆ ವೀಕ್ಷಕರನ್ನು ಕಳಿಸಲು ಒತ್ತಾಯಿಸಿ' ಎಂದೋ, 'ಅವರ ವಕೀಲರಿಗೆ ಭೇಟಿ ಅವಕಾಶ ಕೊಡಿಸಲು ರಾಯಭಾರಿಗೆ ಬರೆಯಿರಿ' ಎಂದೋ ಕೇಳಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅದೇ ಪತ್ರದ ಪ್ರತಿಯನ್ನು ಹೊಸ ತಾರೀಖು ಹಾಕಿ ಮತ್ತೆ ಕಳಿಸಿ.