ಹೊರರೋಗಿ ವಿಭಾಗದ ಭಾನುವಾರ: ಡ್ಯೂಟಿ ಪಟ್ಟಿಯನ್ನು ನಾನು ಹಾಕಿದ ಬಗೆ

ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿ ದಣಿದ ನರ್ಸುಗಳು ಹೊರರೋಗಿ ವಿಭಾಗಕ್ಕೆ (ಓಪಿಡಿಗೆ) ಹಾಕಿಸಿಕೊಳ್ಳಲು ಬಯಸುವುದು ಸಹಜ. ಓಪಿಡಿಯಲ್ಲಿ ರಾತ್ರಿ ಡ್ಯೂಟಿ ಇಲ್ಲ. ಆದರೆ ಭಾನುವಾರ ಇದೆ, ಮತ್ತು ಈ ಭಾನುವಾರ ಯಾರ ಪಾಲಿಗೆ ಎಂಬ ಪ್ರಶ್ನೆಯಿಂದ ಆಗುವ ಮನಸ್ತಾಪ ರಾತ್ರಿ ಪಾಳಿಯಿಂದ ಆಗುವುದಕ್ಕಿಂತ ಹೆಚ್ಚು. ವಾರ್ಡಿನ ರಾತ್ರಿಗಳಿಗೆ ಒಂದು ಸರದಿ ಇರುತ್ತದೆ; ಓಪಿಡಿಯ ಭಾನುವಾರವನ್ನು ಮಾತ್ರ ಶುಕ್ರವಾರ ಸಂಜೆ ಬಾಯಿಮಾತಿನಲ್ಲಿ ಹಂಚಿಬಿಡುತ್ತಾರೆ. ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯ ಓಪಿಡಿಯಲ್ಲಿ ಸಿಸ್ಟರ್ ಇನ್‌ಚಾರ್ಜ್ ಆಗಿ ಡ್ಯೂಟಿ ಪಟ್ಟಿ ಹಾಕುವ ಹೊಣೆ ನನಗೆ ಬಂದ ಮೇಲೆ ಇದನ್ನು ಹೇಗೆ ನಿಭಾಯಿಸಿದೆ ಎಂಬುದನ್ನು, ಇದೇ ಕೆಲಸದಲ್ಲಿರುವವರಿಗೆ ನೆರವಾಗಲೆಂದು ಬರೆಯುತ್ತಿದ್ದೇನೆ.

ಭಾನುವಾರ ಓಪಿಡಿ ಯಾಕೆ ತೆರೆದಿರಬೇಕು ಎಂಬುದನ್ನು ಮೊದಲು ನಾನು ತಿಳಿದುಕೊಳ್ಳಬೇಕಿತ್ತು. ಅದಕ್ಕಾಗಿ ಇಂಜೆಕ್ಷನ್ ರಿಜಿಸ್ಟರ್ ಮತ್ತು ಡ್ರೆಸ್ಸಿಂಗ್ ಪುಸ್ತಕಗಳ ಹಿಂದಿನ ತಿಂಗಳುಗಳ ಪುಟಗಳನ್ನು ತಿರುವಿ, ಭಾನುವಾರಗಳ ಕೆಲಸವನ್ನಷ್ಟೇ ಬೇರೆ ಹಾಳೆಗೆ ಇಳಿಸಿದೆ. ಅಕ್ಕಿ ಗಿರಣಿಗಳಲ್ಲಿ ದುಡಿಯುವವರು, ಶಾಲೆಯ ಶಿಕ್ಷಕರು, ವಾರವಿಡೀ ಬಿಡುವಿಲ್ಲದೆ ಮಕ್ಕಳ ಕೆಮ್ಮು ನೆಗಡಿಯನ್ನು ಭಾನುವಾರಕ್ಕೆಂದು ಕಾಯ್ದಿಟ್ಟ ತಾಯಂದಿರು, ಅಂಜನಾದ್ರಿ ಬೆಟ್ಟ ಹತ್ತಿ ಇಳಿಯುವಾಗ ಕಾಲು ಉಳುಕಿಸಿಕೊಂಡವರು, ಅಲ್ಲಿಯ ಕೋತಿಗಳಿಂದ ಪರಚಿಸಿಕೊಂಡವರು, ಹೀಗೆ ಬರುವವರ ಪಟ್ಟಿ ಉದ್ದವಾಯಿತು. ಆದರೆ ಇವರೆಲ್ಲರಿಗಿಂತ ಖಚಿತವಾಗಿ, ತಪ್ಪದೆ ಬರಬೇಕಾದವರು ಬೇರೆಯೇ ಇದ್ದರು. ಅವರು ಈಗಾಗಲೇ ನಾವು ಶುರು ಮಾಡಿದ ಚಿಕಿತ್ಸೆಯ ನಡುವೆ ಇರುವವರು.

ನಾಯಿ ಕಡಿತದ ಲಸಿಕೆಯನ್ನೇ ನೋಡಿ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಮೊದಲ ಡೋಸ್ ಕೊಟ್ಟ ದಿನವನ್ನು 0 ಎಂದು ಲೆಕ್ಕ ಹಿಡಿದು 3, 7, 14 ಮತ್ತು 28ನೇ ದಿನಗಳಲ್ಲಿ ಮುಂದಿನ ಡೋಸ್‌ಗಳನ್ನು ಕೊಡಬೇಕು. ಗುರುವಾರ ಕಚ್ಚಿಸಿಕೊಂಡು ಅಂದೇ ಬಂದವನ ಎರಡನೆಯ ಡೋಸ್ ಭಾನುವಾರಕ್ಕೇ ಬೀಳುತ್ತದೆ. ಭಾನುವಾರವೇ ಮೊದಲ ಡೋಸ್ ಪಡೆದವನಿಗಂತೂ 7, 14, 28, ಮೂರೂ ಭಾನುವಾರಗಳೇ. ಬಾಗಿಲು ಹಾಕಿದ್ದರೆ ಅವನು ಸೋಮವಾರ ಬರುತ್ತಾನೆಂಬ ಭರವಸೆಯಿಲ್ಲ. ಭತ್ತದ ನಾಟಿ ನಡೆದಿರುವ ಕಾಲದಲ್ಲಿ ಒಂದು ದಿನದ ಕೂಲಿ ಬಿಟ್ಟು ಮತ್ತೊಮ್ಮೆ ಬಸ್ಸು ಹತ್ತುವುದು ಅವನಿಗೆ ಸುಲಭವಲ್ಲ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಜೀವ ಉಳಿಯುವುದು ಇಲ್ಲವೆಂಬಷ್ಟು ವಿರಳ. ಇದರ ಜೊತೆಗೆ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣುಗಳಿಗೆ ದಿನವೂ ಮಾಡಬೇಕಾದ ಡ್ರೆಸ್ಸಿಂಗ್, 5 ಅಥವಾ 7 ದಿನ ಬಿಡದೆ ಕೊಡಬೇಕಾದ ಆಂಟಿಬಯೋಟಿಕ್ ಇಂಜೆಕ್ಷನ್, ರಜೆಯ ದಿನವೂ ಎರಡು ಹೊತ್ತು ಬರೆದಿಡಬೇಕಾದ ಲಸಿಕೆ ಫ್ರಿಜ್ಜಿನ ತಾಪಮಾನ (ಅದು 2ರಿಂದ 8 ಡಿಗ್ರಿಯ ಒಳಗೇ ಇರಬೇಕು). ತಿಂಗಳ ಮೊದಲ ಮತ್ತು ಮೂರನೆಯ ಭಾನುವಾರ ಹುಬ್ಬಳ್ಳಿಯಿಂದ ತಜ್ಞ ವೈದ್ಯರು ಬಂದು ರೋಗಿಗಳನ್ನು ನೋಡುತ್ತಾರೆ. ಆ ದಿನಗಳ ಜನಸಂದಣಿ ಸೋಮವಾರದ್ದಕ್ಕಿಂತ ಕಡಿಮೆಯಿಲ್ಲ. ಹಾಳೆ ತುಂಬಿದಾಗ ನನಗೆ ಸ್ಪಷ್ಟವಾದದ್ದು ಇಷ್ಟು: ಭಾನುವಾರ ಕನಿಷ್ಠ ಮೂವರು ನರ್ಸುಗಳು ಬೇಕು, ಮತ್ತು ಆ ಮೂವರಿಗೂ ಇಂಜೆಕ್ಷನ್, ಡ್ರೆಸ್ಸಿಂಗ್ ಎರಡೂ ಚೆನ್ನಾಗಿ ಬರಬೇಕು.

ಅದಕ್ಕೆ ಮೊದಲು ನಡೆದುಕೊಂಡು ಬಂದದ್ದು ಹೀಗಿತ್ತು. ಮದುವೆಯಾಗದ, ಆಸ್ಪತ್ರೆಯ ಹಿಂದಿನ ಹಾಸ್ಟೆಲ್ಲಿನಲ್ಲೇ ಉಳಿದಿದ್ದ ಹುಡುಗಿಯರ ಮೇಲೆ ಭಾನುವಾರ ಬೀಳುತ್ತಿತ್ತು. "ಅವರಿಗೆ ಮನೆ ಇಲ್ಲ, ಮಕ್ಕಳಿಲ್ಲ, ಇಲ್ಲೇ ಇರ್ತಾರ" ಎಂಬುದು ಕಾರಣ. ಲಿಂಗಸುಗೂರು, ಕುಷ್ಟಗಿ ಕಡೆಯ ಹಳ್ಳಿಗಳಿಂದ ಬಂದ ಆ ಮಕ್ಕಳಿಗೂ ತಂದೆ ತಾಯಿ ಇದ್ದರು, ಊರಿನಲ್ಲಿ ಮದುವೆ ಮುಂಜಿಗಳಿದ್ದವು. ಹೆಚ್ಚಿನವರು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಮೊದಲ ಕೆಲಸಕ್ಕೆ ಸೇರಿದವರಾದ್ದರಿಂದ ಎದುರು ಮಾತಾಡುತ್ತಿರಲಿಲ್ಲ. ಶುಕ್ರವಾರ ಸಂಜೆ ನನ್ನ ಮೇಜಿನ ಬಳಿ ಬಂದು, "ಅಕ್ಕಾರ, ಈ ಐತವಾರನೂ ನಂದೇನ್ರಿ?" ಎಂದು ಮೆಲ್ಲಗೆ ಕೇಳಿ ಹೋಗುತ್ತಿದ್ದರು. ಇದು ನ್ಯಾಯವಲ್ಲ. ಮನೆಯಲ್ಲಿ ಮಕ್ಕಳಿರುವವರ ಕಷ್ಟ ನನಗೆ ಗೊತ್ತಿದೆ, ಆದರೆ ಒಬ್ಬರ ಕಷ್ಟವನ್ನು ಇಳಿಸಲು ಬಾಯಿಲ್ಲದ ಇನ್ನೊಬ್ಬರ ತಲೆಗೆ ಅದನ್ನು ಹೊರಿಸುವುದನ್ನು ನಾನು ಒಪ್ಪಲಾರೆ.

ನಾವು ಓಪಿಡಿಯಲ್ಲಿ ಒಟ್ಟು 9 ಮಂದಿ, ಅವರಲ್ಲಿ ಇಬ್ಬರು ಬ್ರದರ್‌ಗಳು, ಅಂದರೆ ಪುರುಷ ನರ್ಸುಗಳು. ಮೂವರಂತೆ ಮೂರು ಗುಂಪು ಮಾಡಿದೆ; ಪ್ರತಿ ಗುಂಪಿನಲ್ಲೂ ಒಬ್ಬ ಅನುಭವಿ, ಒಬ್ಬರು ಹೊಸಬರು. ಪ್ರತಿ ಗುಂಪಿಗೆ ಮೂರು ವಾರಕ್ಕೊಂದು ಭಾನುವಾರ ಡ್ಯೂಟಿ, ಉಳಿದೆರಡು ಭಾನುವಾರ ರಜೆ. ವಾರಕ್ಕೆ ಆರು ದಿನದಂತೆ ಒಂಬತ್ತು ಮಂದಿಯಿಂದ 54 ಡ್ಯೂಟಿಗಳು ಸಿಗುತ್ತವೆ. ಭಾನುವಾರಕ್ಕೆ 3 ತೆಗೆದರೆ ಉಳಿದ ಆರು ದಿನಗಳಿಗೆ 51, ಅಂದರೆ ಮೂರು ದಿನ ಒಂಬತ್ತೂ ಮಂದಿ, ಮೂರು ದಿನ ಎಂಟು ಮಂದಿ. ಇಲ್ಲಿಯವರೆಗೆ ಲೆಕ್ಕ ಸುಲಭ. ಕಷ್ಟವಿರುವುದು ಭಾನುವಾರ ದುಡಿದವರಿಗೆ ಬದಲಿ ರಜೆಯನ್ನು ಯಾವ ದಿನ ಕೊಡಬೇಕು ಎಂಬಲ್ಲಿ, ಮತ್ತು ಹೆಚ್ಚಿನ ಪಟ್ಟಿಗಳು ಕೆಡುವುದೂ ಇಲ್ಲಿಯೇ.

"ವಾರದಲ್ಲಿ ಯಾವಾಗಲಾದರೂ ತೆಗೆದುಕೊಳ್ಳಿ" ಎಂದು ಬಿಟ್ಟರೆ ಏನಾಗುತ್ತದೆ ನೋಡಿ. ಭಾನುವಾರದ ಹಿಂದಿನ ಬುಧವಾರ ರಜೆ ಪಡೆದವಳು ಗುರುವಾರದಿಂದ ಆರಂಭಿಸಿ ಮುಂದಿನ ವಾರದ ಶನಿವಾರದವರೆಗೆ 10 ದಿನ ಒಂದೇ ಸಮ ದುಡಿಯುತ್ತಾಳೆ. ಭಾನುವಾರದ ನಂತರದ ಬುಧವಾರ ಕೊಟ್ಟರೂ ಅವಳು ರಜೆಗೆ ಮೊದಲು 9 ದಿನ ದುಡಿದಿರುತ್ತಾಳೆ. ಕಾಗದದ ಮೇಲೆ ವಾರಕ್ಕೊಂದು ರಜೆ ಇದ್ದೇ ಇರುತ್ತದೆ, ಆದರೆ ಎಂಟನೆಯ ದಿನದ ಹೊತ್ತಿಗೆ ಕೈ ತಡವರಿಸತೊಡಗಿರುತ್ತದೆ, ಮತ್ತು ನಾವು ಹಿಡಿದಿರುವುದು ಸಿರಿಂಜು. ಬದಲಿ ರಜೆ ಭಾನುವಾರಕ್ಕೆ ಹತ್ತಿರವಾದಷ್ಟೂ ಈ ಸರಣಿ ಚಿಕ್ಕದಾಗುತ್ತದೆ. ಹಿಂದಿನ ಶನಿವಾರ ಕೊಟ್ಟರೆ 7 ದಿನ, ಹಿಂದಿನ ಶುಕ್ರವಾರ ಅಥವಾ ಮುಂದಿನ ಮಂಗಳವಾರ ಕೊಟ್ಟರೆ 8 ದಿನ. ಮುಂದಿನ ಸೋಮವಾರ ಕೊಟ್ಟರೂ ಏಳೇ, ಆದರೆ ಸೋಮವಾರ ನಮ್ಮಲ್ಲಿ ಟೋಕನ್ ಸಾಲು ಬಾಗಿಲಾಚೆಗೆ ಹೋಗುವುದರಿಂದ ಅಂದು ಒಬ್ಬರನ್ನೂ ಬಿಡಲಾಗದು. ಹಾಗಾಗಿ ಗುಂಪಿನ ಮೂವರಿಗೆ ಶುಕ್ರವಾರ, ಶನಿವಾರ, ಮಂಗಳವಾರ ಎಂದು ಹಂಚಿ, ಮುಂದಿನ ಸರದಿಯಲ್ಲಿ ಇದನ್ನೂ ಒಂದೊಂದು ಸ್ಥಾನ ಸರಿಸುತ್ತೇನೆ. ಯಾರ ಸರಣಿಯೂ 8 ದಿನ ದಾಟುವುದಿಲ್ಲ.

ರಜೆಯ ಉದ್ದವನ್ನೂ ನಾನು ಗಂಟೆಗಳಲ್ಲೇ ಎಣಿಸುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1977ರಲ್ಲಿ ಶುಶ್ರೂಷಾ ಸಿಬ್ಬಂದಿಗಾಗಿ ಹೊರಡಿಸಿದ 157ನೇ ಶಿಫಾರಸಿನಲ್ಲಿ ವಾರದ ವಿಶ್ರಾಂತಿ ಯಾವ ಸಂದರ್ಭದಲ್ಲೂ ಸತತ 36 ಗಂಟೆಗಿಂತ ಕಡಿಮೆ ಇರಬಾರದೆಂದೂ, ಮನೆಯ ಬದುಕನ್ನು ಹೊಂದಿಸಿಕೊಳ್ಳಲು ಸಾಕಾಗುವಷ್ಟು ಮುಂಚಿತವಾಗಿ ಪಾಳಿಯ ಪಟ್ಟಿಯನ್ನು ತಿಳಿಸಬೇಕೆಂದೂ ಹೇಳಿದೆ. ನಮ್ಮ ದಿನದ ಪಾಳಿ ಬೆಳಿಗ್ಗೆ 8.30ರಿಂದ ಸಂಜೆ 4.30, ಎರಡನೆಯದು ಮಧ್ಯಾಹ್ನ 12.30ರಿಂದ ರಾತ್ರಿ 8.30. ಸೋಮವಾರ ರಾತ್ರಿ 8.30ಕ್ಕೆ ಬಿಟ್ಟು ಮಂಗಳವಾರ ರಜೆ ಮಾಡಿ ಬುಧವಾರ ಬೆಳಿಗ್ಗೆ 8.30ಕ್ಕೆ ಬಂದರೆ ಸಿಗುವುದು ಸರಿಯಾಗಿ 36 ಗಂಟೆ. ರಜೆಯ ಹಿಂದಿನ ದಿನ ಬೆಳಗಿನ ಪಾಳಿ, ಮರುದಿನ ಮಧ್ಯಾಹ್ನದ ಪಾಳಿ ಹಾಕಿದರೆ ಅದೇ ರಜೆ 44 ಗಂಟೆಯಾಗುತ್ತದೆ. ಆಸ್ಪತ್ರೆಗೆ ಒಂದು ರೂಪಾಯಿ ಖರ್ಚಿಲ್ಲದೆ ಎಂಟು ಗಂಟೆಯ ವಿಶ್ರಾಂತಿ ಹೆಚ್ಚುವಾಗ ಅದನ್ನು ಕೊಡದಿರಲು ನನಗೆ ಯಾವ ಕಾರಣವೂ ಕಾಣಲಿಲ್ಲ.

ಈ ನೇರ ಪಾಳಿಗಳೂ ಹೊಸದಾಗಿ ತಂದವೇ. ವೈದ್ಯರು ಮಧ್ಯಾಹ್ನ 2ಕ್ಕೆ ಎದ್ದು ಸಂಜೆ 5ಕ್ಕೆ ಮತ್ತೆ ಕೂರುವುದರಿಂದ ನರ್ಸುಗಳಿಗೂ ಎರಡು ಹೊತ್ತಿನ ಡ್ಯೂಟಿ ಇತ್ತು. ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಹೆದರಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ವೇಳೆ ಬದಲಿಸಿಕೊಳ್ಳುವಾಗ, 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಮನೆಗೆ ಹೋಗಿ ಬೆವರೊರೆಸಿಕೊಂಡು ಮತ್ತೆ ಬರುವ ಆ ಮೂರು ಗಂಟೆಗಳನ್ನು ವಿಶ್ರಾಂತಿ ಎಂದು ಕರೆಯಲಾಗದು. ಈಗ ಎರಡು ಪಾಳಿಗಳೂ ಕೂಡುವ ಮಧ್ಯಾಹ್ನದ ಹೊತ್ತಿನಲ್ಲಿ ದೊಡ್ಡ ಗಾಯಗಳ ಡ್ರೆಸ್ಸಿಂಗ್, ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್ ಕೆಲಸ, ಔಷಧಿ ದಾಸ್ತಾನು ಎಣಿಸುವುದು, ಡೋಸ್ ತಪ್ಪಿಸಿದವರಿಗೆ ಫೋನ್ ಮಾಡುವುದು ನಡೆಯುತ್ತವೆ. ಹಳ್ಳಿಯಿಂದ ಬಸ್ಸಿನಲ್ಲಿ ಬರುವವರನ್ನು ಮಾತ್ರ ಮಧ್ಯಾಹ್ನದ ಪಾಳಿಗೆ ಹಾಕುವಾಗ ಕೊನೆಯ ಬಸ್ಸನ್ನು ವಿಚಾರಿಸಿಯೇ ಹಾಕಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಟಿಕೆಟ್ ಖರ್ಚು ಉಳಿದಿದೆ ನಿಜ, ಆದರೆ ಬಸ್ಸೇ ಇಲ್ಲದ ಹೊತ್ತಿಗೆ ಅದರಿಂದ ಉಪಯೋಗವಿಲ್ಲ.

ಭಾನುವಾರದ ಪಾಳಿಯನ್ನು ಆರು ಗಂಟೆಗೆ ಇಳಿಸಿ, ಇಬ್ಬರನ್ನು ಬೆಳಿಗ್ಗೆ 8ರಿಂದ 2ರವರೆಗೆ, ಒಬ್ಬರನ್ನು 11ರಿಂದ 5ರವರೆಗೆ ಇಟ್ಟೆ. ಈ 11ರ ಪಾಳಿಯಿಂದ ಇನ್ನೊಂದು ಅನುಕೂಲವಾಯಿತು: ನಮ್ಮಲ್ಲಿರುವ ಕ್ರೈಸ್ತ ಸಿಸ್ಟರ್‌ಗಳು ಬೆಳಗಿನ ಪ್ರಾರ್ಥನೆ ಮುಗಿಸಿ ಬರಬಹುದು. ಹಬ್ಬಗಳಿಗೆ ಬೇರೆ ಪಟ್ಟಿಯಿದೆ. ಯುಗಾದಿ, ರಂಜಾನ್, ಕ್ರಿಸ್‌ಮಸ್, ಮೊಹರಂ, ದೀಪಾವಳಿಗಳಲ್ಲಿ ತಮಗೆ ಬೇಕೇಬೇಕಾದ ಎರಡನ್ನು ಪ್ರತಿಯೊಬ್ಬರೂ ವರ್ಷದ ಆರಂಭದಲ್ಲೇ ಬರೆದುಕೊಡುತ್ತಾರೆ. ಪಾಳಿ ಬದಲಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ಇಬ್ಬರ ಸಹಿಯೂ ಪುಸ್ತಕದಲ್ಲಿರಬೇಕು, ಮತ್ತು ಹೊಸಬರು ಹಿರಿಯರಿಗೆ ಭಾನುವಾರ ಬಿಟ್ಟುಕೊಟ್ಟಾಗ ನಾನು ಅವರನ್ನು ಬೇರೆ ಕರೆದು ನಿಜವಾಗಿ ಮನಸ್ಸಿದೆಯೇ ಎಂದು ಕೇಳುತ್ತೇನೆ.

ಆಡಳಿತ ನೋಡಿಕೊಳ್ಳುವ ಡಾಕ್ಟರು ಬದಲಿ ರಜೆಗಿಂತ ಹಣ ಕೊಡುವುದು ಸುಲಭವೆಂದರು. ಕೆಲವರು ನರ್ಸುಗಳೂ ಅದನ್ನೇ ಬಯಸಿದರು. ನಮ್ಮ ಸಂಬಳ ಎಷ್ಟೆಂಬುದು ಎಲ್ಲರಿಗೂ ಗೊತ್ತಿರುವಾಗ ಅವರನ್ನು ಆಕ್ಷೇಪಿಸಲಾರೆ. ಆದರೆ ರಜೆಗೆ ಬೆಲೆ ಕಟ್ಟಿದರೆ ಹೆಚ್ಚು ಸಾಲವಿರುವವರೇ ಎಲ್ಲ ಭಾನುವಾರಗಳನ್ನು ತೆಗೆದುಕೊಂಡು ವಿಶ್ರಾಂತಿಯಿಲ್ಲದೆ ಉಳಿಯುತ್ತಾರೆ. ರಜೆ ರಜೆಯಾಗಿಯೇ ಸಿಗಬೇಕು, ಭಾನುವಾರದ ಭತ್ಯೆ ಅದರ ಮೇಲೆ ಸೇರಬೇಕು ಎಂದು ಕೇಳಿದೆ. ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿತು. ಎರಡನೆಯದನ್ನು ಇನ್ನೂ ಕೇಳುತ್ತಿದ್ದೇನೆ.

ಪಟ್ಟಿಯನ್ನು ಆರು ವಾರಕ್ಕೊಮ್ಮೆ ಬರೆದು ಇಂಜೆಕ್ಷನ್ ಕೊಠಡಿಯ ಬಾಗಿಲ ಹಿಂದೆ ಅಂಟಿಸುತ್ತೇನೆ. ಅದನ್ನು ಬರೆಯುವಾಗ ಐದು ಭಾನುವಾರಗಳಿರುವ ತಿಂಗಳನ್ನು ಗಮನಿಸಬೇಕು. ನಾಲ್ಕು ಭಾನುವಾರಗಳ ತಿಂಗಳುಗಳಲ್ಲಿ ತಜ್ಞರು ಬರುವ ದಿನ ಒಂದೊಂದು ಗುಂಪಿಗೂ ಒಂದು ಸರದಿ ಬಿಟ್ಟು ಒಂದು ಸರದಿಗೆ ಬರುತ್ತದೆ. ಐದಿದ್ದರೆ ಮಾತ್ರ ಮೂರನೆಯ ಭಾನುವಾರಕ್ಕೂ ಮುಂದಿನ ತಿಂಗಳ ಮೊದಲನೆಯದಕ್ಕೂ ನಡುವೆ ಸರಿಯಾಗಿ ಮೂರು ವಾರಗಳಾಗಿ, ಒಂದೇ ಗುಂಪು ಎರಡು ಬಾರಿ ಬೆನ್ನುಬೆನ್ನಿಗೆ ಆ ಜನಸಂದಣಿಗೆ ಸಿಗುತ್ತದೆ. ಆಗ ಆ ಗುಂಪನ್ನು ಐದನೆಯ ಭಾನುವಾರಕ್ಕೆ ತಂದು, ಐದನೆಯದರ ಗುಂಪನ್ನು ಮುಂದಿನ ತಿಂಗಳ ಮೊದಲನೆಯದಕ್ಕೆ ಸರಿಸುತ್ತೇನೆ. ಬದಲಿ ರಜೆಗಳೂ ಅದರ ಜೊತೆಗೇ ಸರಿಯಬೇಕು. ವರ್ಷದ ಕ್ಯಾಲೆಂಡರ್ ಕೈಗೆ ಬಂದ ಕೂಡಲೇ ಅಂಥ ತಿಂಗಳುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ಯಾವ ಗುಂಪು ಯಾವುದರೊಂದಿಗೆ ಬದಲಾಗುತ್ತದೆ ಎಂಬುದನ್ನು ಒಂಬತ್ತು ಮಂದಿಗೂ ಆಗಲೇ ಹೇಳಿಬಿಡುತ್ತೇನೆ.