ಬೋರ್ಡೋ ತಿಂದ ಜೀಪು

ಜೀಪಿನ ಹಿಂಭಾಗಕ್ಕೆ ಹಾಸಿದ್ದ ಹಳೇ ರಬ್ಬರ್ ಶೀಟು ಎತ್ತಿದಾಗ ತಗಡಿನ ಮೇಲೆ ಒಂದು ದುಂಡನೆಯ ಗುರುತು ಕಂಡಿತು. ಕೈವಾರ ಇಟ್ಟು ಎಳೆದಷ್ಟು ದುಂಡಗೆ. ಅದರ ಅಂಚಿಗೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ, ಹಪ್ಪಳದ ಹಾಗೆ ಮುರಿಯಿತು. ತಮ್ಮ ಕೆಳಗೆ ಮಲಗಿ ಟಾರ್ಚ್ ಹಿಡಿದಿದ್ದ. ಅದರ ಬೆಳಕು ತೂತಿನಿಂದ ಮೇಲೆ ಬಂದು ನನ್ನ ಮುಖಕ್ಕೆ ಹೊಡೆಯಿತು. ಅಳತೆ ಹಿಡಿದು ನೋಡುವುದೇ ಬೇಡವಾಗಿತ್ತು. 200 ಲೀಟರಿನ ಡ್ರಮ್ಮಿನ ಬುಡ ಅದು. ಪ್ರತಿ ಮಳೆಗಾಲವೂ ತೋಟಕ್ಕೆ ಹೊಡೆಯುವ ಬೋರ್ಡೋ ಔಷಧಿ ತುಂಬಿಕೊಂಡು ಡ್ರಮ್ಮು ಕೂತಿದ್ದ ಜಾಗ.

ನಮ್ಮದು ಕೊಪ್ಪದ ಕಡೆಯ ಅಡಿಕೆ ತೋಟ. ಜೀಪು 1988ರ ಮಹೀಂದ್ರ ಎಂ.ಎಂ. 540. ಆರ್.ಸಿ.ಯಲ್ಲಿ ಜೀಪು, ಕೆಲಸದಲ್ಲಿ ಪಿಕಪ್ಪು. ತಂದ ವರ್ಷವೇ ಅಪ್ಪಯ್ಯ ಹಿಂದಿನ ಸೀಟು ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಗೊಬ್ಬರ, ಸೊಪ್ಪು, ಅಡಿಕೆ ಗೊನೆ, ಒಮ್ಮೆ ಕಾಲು ಮುರಿದ ಹೋರಿ, ಇನ್ನೊಮ್ಮೆ ನಡುರಾತ್ರಿ ಹೆರಿಗೆಗೆ ನನ್ನ ಹೆಂಡತಿ, ಎಲ್ಲವನ್ನೂ ಹೊತ್ತ ಗಾಡಿ. ಬ್ರೇಕ್ ಕೈಕೊಟ್ಟ ಮೇಲೆ ಆರು ವರ್ಷ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ನಿಂತಿತ್ತು. ಗುಜರಿಯವನು ಬಂದು ದರ ಹೇಳಿದ ದಿನ ಅಪ್ಪಯ್ಯ ಮಾತಾಡಲಿಲ್ಲ, ಊಟಕ್ಕೂ ಏಳಲಿಲ್ಲ. ಮಾರನೆಯ ಬೆಳಿಗ್ಗೆ ತಮ್ಮ ಸ್ಪಾನರ್ ಸೆಟ್ಟು ತೆಗೆದ.

ತುಕ್ಕಿಗೆ ಮಳೆಯೇ ಕಾರಣ ಅಂತ ನಾವು ಅಂದುಕೊಂಡಿದ್ದೆವು. ಮಲೆನಾಡಲ್ಲಿ ಯಾವ ಕಬ್ಬಿಣ ಉಳಿದೀತು? ಆದರೆ ಬಿಚ್ಚುತ್ತ ಹೋದಂತೆ ಬೇರೆಯೇ ಲೆಕ್ಕ ಸಿಕ್ಕಿತು. ಮಳೆ ನೇರವಾಗಿ ಬೀಳುವ ಬಾನೆಟ್ಟು, ಮಡ್‌ಗಾರ್ಡು ಗಟ್ಟಿಯಾಗಿಯೇ ಇದ್ದವು. ಹಾಳಾಗಿದ್ದು ಡ್ರಮ್ಮು ಇಡುವ ಜಾಗ, ಗೊಬ್ಬರದ ಚೀಲ ಒರಗಿಸುವ ಬದಿ ಮತ್ತು ಆ ನೀರು ಇಳಿದು ನಿಲ್ಲುವ ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಹಿಂದಿನ ಅಡ್ಡಪಟ್ಟಿ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ ಒಂದರ ಬೋರ್ಡೋ ಅಂದರೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಹೊಳಪಿನ ಚಾಕು ಅದ್ದುತ್ತೇವೆ. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನೂ ಸುಣ್ಣ ಬೇಕು. ಆ ಕೆಂಪು ಎಲ್ಲಿಂದ ಬಂತು? ತಾಮ್ರ ಹೊರಬಂದು ಕೂರುವಾಗ ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಬರೀ ಮೈಲುತುತ್ತದ ನೀರು ಜೀಪಿನ ತಗಡಿಗೆ ಚೆಲ್ಲಿದಾಗಲೂ ಆಗುವುದು ಇದೇ. ಕೂತ ತಾಮ್ರ ಅಲ್ಲೇ ಉಳಿದರೆ, ಮುಂದೆ ಬರೀ ಮಳೆನೀರು ತಾಗಿದರೂ ಸುತ್ತಲಿನ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪೊಟ್ಯಾಷ್ ಗೊಬ್ಬರವೂ ಕ್ಲೋರೈಡು, ಉಪ್ಪಿನ ಸಂತತಿಯೇ. ಮೂವತ್ತು ವರ್ಷ ಚಾಕು ಅದ್ದಿ ನೋಡಿದ ಮನೆಯವರಿಗೆ ಜೀಪಿನ ನೆಲವೂ ಚಾಕುವಿನ ಜಾತಿಯದೇ ಅಂತ ಹೊಳೆದಿರಲಿಲ್ಲ.

ಬಾಡಿಯನ್ನು ಚಾಸಿಯಿಂದ ಎತ್ತದೆ ಕೆಲಸ ಆಗುವುದಿಲ್ಲ ಅಂತ ಮೊದಲ ವಾರದಲ್ಲೇ ಖಾತ್ರಿಯಾಯಿತು. ಬೋಲ್ಟುಗಳು ಒಂದೂ ಅಲುಗಲಿಲ್ಲ. ಡೀಸೆಲ್ಲು, ಬ್ರೇಕ್ ಆಯಿಲ್ಲು ಬಿಟ್ಟು ಮೂರು ದಿನ ಕಾದೆವು. ನಾಲ್ಕು ಸಡಿಲವಾದವು, ಮೂರಕ್ಕೆ ಗ್ಯಾಸ್ ಬೆಂಕಿ ತೋರಿಸಬೇಕಾಯಿತು, ಉಳಿದವನ್ನು ಗ್ರೈಂಡರಿನಲ್ಲಿ ಕತ್ತರಿಸಿದೆವು. ಎತ್ತುವುದಕ್ಕೆ ಚೈನ್ ಬ್ಲಾಕ್ ಬಾಡಿಗೆಗೆ ತರೋಣ ಅಂತ ನಾನು. ಅಪ್ಪಯ್ಯ ನಕ್ಕರು. "ದೇವರ ಪಲ್ಲಕ್ಕಿ ಹೊತ್ತವರಿಗೆ ಇದೊಂದು ಭಾರವಾ ಮಾರಾಯ?" ಎರಡು ಬಿದಿರು ಗಳ ಬಾಡಿಯ ಅಡಿಯಲ್ಲಿ ತೂರಿಸಿ, ತೋಟದ ಕೆಲಸಕ್ಕೆ ಬಂದಿದ್ದ ಎಂಟು ಜನ ಹೆಗಲು ಕೊಟ್ಟರು. ಅಪ್ಪಯ್ಯ ಮುಂದೆ ನಿಂತು ದಾರಿ ತೋರಿಸಿದರು. ಬಾಡಿ ಚಪ್ಪರದಿಂದ ಅಂಗಳಕ್ಕೆ ಬಂದು ಅಡಿಕೆ ಮರದ ದಿಂಡಿನ ಮೇಲೆ ಕೂತಿತು. ಎರಡು ದಿನ ಬಿಟ್ಟು ಆಯುಧಪೂಜೆ. ಅಮ್ಮ ಬರೀ ಚಾಸಿಗೆ ಕುಂಕುಮ ಹಚ್ಚಿ, ಮಾಲೆ ಎಲ್ಲಿಗೆ ಹಾಕುವುದು ಅಂತ ತಿಳಿಯದೆ ಸ್ಟೇರಿಂಗ್ ರಾಡಿಗೆ ಸುತ್ತಿದಳು.

ಹಳೇ ಗಾಡಿ ಹಿಡಿದವರಿಗೆ ಇಲ್ಲೊಂದು ಮಾತು. ಚಾಸಿ ನಂಬರ್ ಕೆತ್ತಿದ ಜಾಗಕ್ಕೆ ಗ್ರೈಂಡರು ಒಯ್ಯಲೇಬೇಡಿ. ತಮ್ಮ ವೈರ್ ಬ್ರಷ್ ಚಕ್ರ ಹಾಕಿಕೊಂಡು ಹುರುಪಿನಲ್ಲಿ ಅಲ್ಲಿಯವರೆಗೂ ಹೋಗಿದ್ದ, ನಾನು ಕೂಗಿ ನಿಲ್ಲಿಸಿದೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ರಿಜಿಸ್ಟ್ರೇಶನ್ ನವೀಕರಿಸಬೇಕು, ಆಗ ಆ ಅಂಕೆಗಳನ್ನು ನೋಡುತ್ತಾರೆ, ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಅಂಕೆ ಅಳಿಸಿದರೆ ಗಾಡಿ ಎಷ್ಟು ಚಂದ ಮಾಡಿದರೂ ಅಷ್ಟೇ. ಆ ಒಂದು ಗೇಣು ಜಾಗವನ್ನು ನನ್ನ ಮಗಳು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಎಣ್ಣೆ ಹಚ್ಚಿ ಎರಡು ಸಂಜೆ ಕೂತು ಬಿಡಿಸಿದಳು.

ಸಣ್ಣ ಭಾಗಗಳ ತುಕ್ಕು ತೆಗೆಯುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಪಿ.ಯು.ಸಿ. ವಿಜ್ಞಾನದ ಹುಡುಗಿ. ಪ್ಲಾಸ್ಟಿಕ್ ಡ್ರಮ್ಮಿಗೆ ನೀರು, ಹತ್ತು ಲೀಟರಿಗೆ ಎರಡು ಮೂರು ಚಮಚ ವಾಷಿಂಗ್ ಸೋಡ, ಸುತ್ತ ಗೋಡೆಗೆ ತಾಗಿಸಿ ಕಟ್ಟಡದ ಕಬ್ಬಿಣದ ಸರಳುಗಳು, ನಡುವೆ ತೂಗುಬಿಟ್ಟ ಬ್ರಾಕೆಟ್ಟು. ಬ್ಯಾಟರಿ ಚಾರ್ಜರಿನ ನೆಗೆಟಿವ್ ನಮ್ಮ ಬ್ರಾಕೆಟ್ಟಿಗೆ, ಪಾಸಿಟಿವ್ ಸರಳಿಗೆ. ರಾತ್ರಿ ಇಟ್ಟರೆ ಬೆಳಿಗ್ಗೆ ತುಕ್ಕು ಕಪ್ಪು ಕೆಸರಾಗಿ ಒರೆಸಿದರೆ ಬರುತ್ತಿತ್ತು. ಸರಳಿನ ಬದಲು ಸ್ಟೀಲ್ ತಟ್ಟೆ ಹಾಕೋಣ ಅಂದಿದ್ದಕ್ಕೆ ಅವಳು ಒಪ್ಪಲಿಲ್ಲ. ಸ್ಟೇನ್‌ಲೆಸ್‌ನಲ್ಲಿರುವ ಕ್ರೋಮಿಯಂ ನೀರಿಗೆ ಬಂದರೆ ವಿಷವಂತೆ. ಗುಳ್ಳೆಯಾಗಿ ಬರುವುದು ಹೈಡ್ರೋಜನ್, ಹಾಗಾಗಿ ಬಯಲಲ್ಲೇ ಇಡಬೇಕು, ಹತ್ತಿರ ಬೀಡಿ ಹಚ್ಚಬಾರದು. ಪಟ್ಟಾ ಬ್ಲೇಡುಗಳನ್ನು, ಅಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಪಟ್ಟಿಗಳನ್ನು, ಮಾತ್ರ ಇದಕ್ಕೆ ಹಾಕಲಿಲ್ಲ. ಗಡಸು ಉಕ್ಕಿನೊಳಗೆ ಹೈಡ್ರೋಜನ್ ಸೇರಿದರೆ ಅದು ಗಾಜಿನ ಹಾಗೆ ಸಿಡಿಯಬಹುದು. ಅವನ್ನು ಕೈಯಲ್ಲೇ ಉಜ್ಜಿ, ಶಿವಮೊಗ್ಗಕ್ಕೆ ಒಯ್ದು ಬಾಗು ಸರಿ ಮಾಡಿಸಿದೆವು.

ತಗಡಿನ ಕೆಲಸ ನಾವು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು. ಹಿಂದೊಮ್ಮೆ ಪೇಟೆಯ ಗ್ಯಾರೇಜೊಂದರಲ್ಲಿ ಟಿಂಕರಿಂಗ್ ಮಾಡಿಸಿ ದುಡ್ಡು ಎಣಿಸಿದ್ದೆವು. ಡ್ರೈವರ್ ಕಾಲಡಿಯ ಬಣ್ಣ ಕೆರೆದರೆ ತೂತು ಮುಚ್ಚಲು ಬೆರಳು ದಪ್ಪಕ್ಕೆ ಮೆತ್ತಿದ ಪುಟ್ಟಿ, ಅದರ ಕೆಳಗೆ ಮಡಿಸಿಟ್ಟ ಕನ್ನಡ ದಿನಪತ್ರಿಕೆ! ಕ್ರಿಕೆಟ್ ಸ್ಕೋರ್ ಓದಲು ಬರುತ್ತಿತ್ತು. ಅಪ್ಪಯ್ಯ ಕನ್ನಡಕ ತರಿಸಿಕೊಂಡು ಓದಿದರು ಕೂಡ. ಕೊಳೆತದ್ದನ್ನೆಲ್ಲ ಬೆಳ್ಳಿ ಹೊಳಪಿನ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ನೆಲಕ್ಕೆ 16 ಗೇಜು, ಬದಿಗೆ 18 ಗೇಜಿನ ತಗಡು ಕೂರಿಸಿದೆವು. ವೆಲ್ಡಿಂಗ್ ತಮ್ಮನದು. ಮೊದಲ ತುಂಡನ್ನು ಒಂದೇ ಉಸಿರಿಗೆ ಉದ್ದಕ್ಕೆ ಎಳೆದ, ತಗಡು ಕಾದು ಮುದುಡಿ ದೋಣಿಯಾಯಿತು. ಕಿತ್ತು ಬಿಸಾಡಿ, ಎರಡನೆಯದಕ್ಕೆ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಆರಲು ಬಿಟ್ಟು ಸೇರಿಸಿದ. ಒಂದು ಮೊಳ ಉದ್ದಕ್ಕೆ ಅರ್ಧ ದಿನ ಹಿಡಿಯಿತು.

ಆ ಹೊತ್ತಿಗೆ ಕೊಯ್ಲು ಶುರುವಾಯಿತು. ಅಂಗಳದ ತುಂಬ ಬೇಯಿಸಿದ ಅಡಿಕೆ. ನಾನು ಪ್ರೈಮರ್ ಡಬ್ಬ ಹಿಡಿದು ಬಂದರೆ ಅಮ್ಮ ಬಾಗಿಲಲ್ಲೇ ತಡೆದಳು. "ನಿನ್ನ ಬಣ್ಣದ ಹೊಗೆ ಅಡಿಕೆ ಮೇಲೆ ಕೂತರೆ ಮಂಡಿಯವನು ಎಂತ ಹೇಳ್ತಾನೆ?" ಹೇಳುವುದಕ್ಕೇನೂ ಇರಲಿಲ್ಲ. ಅಂದರೆ ಬರೀ ಕಬ್ಬಿಣ ಎರಡು ತಿಂಗಳು ಇಬ್ಬನಿಯಲ್ಲಿ ಕೂರಬೇಕು. ಕೆರೆದ ತಗಡು ಒಂದೇ ರಾತ್ರಿಗೆ ಕೇಸರಿ ಬಣ್ಣಕ್ಕೆ ತಿರುಗುವುದನ್ನು ಆಗಲೇ ನೋಡಿದ್ದೆವು.

ದಾರಿ ತೋರಿಸಿದ್ದೂ ಅಮ್ಮನೇ. ಅಡಿಕೆ ಸುಲಿಯುವ ಮೆಟ್ಟುಕತ್ತಿ ಸುಗ್ಗಿ ಪೂರ್ತಿ ಒದ್ದೆಯಾಗಿಯೇ ಇರುತ್ತದೆ, ಕಪ್ಪಾಗುತ್ತದೆ ಹೊರತು ತುಕ್ಕು ಹಿಡಿಯುವುದು ಕಡಿಮೆ. ಅಡಿಕೆಯ ಚೊಗರು, ಅಂದರೆ ಅದರ ಒಗರು ರಸ, ಅದಕ್ಕೆ ಕಾರಣ. ಮಗಳು ಪುಸ್ತಕ ತೆಗೆದು ಅಜ್ಜಿಯ ಮಾತನ್ನು ಅನುಮೋದಿಸಿದಳು. ಚೊಗರಿನಲ್ಲಿ ಟ್ಯಾನಿನ್ ಇದೆ, ಅದು ತುಕ್ಕಿನ ಜೊತೆ ಸೇರಿ ನೀಲಿಗಪ್ಪು ಪದರವಾಗುತ್ತದೆ. ಅಂಗಡಿಯಲ್ಲಿ ಡಬ್ಬದಲ್ಲಿ ಸಿಗುವ ಎಷ್ಟೋ ತುಕ್ಕುನಿರೋಧಕಗಳ ಮೂಲವೂ ಟ್ಯಾನಿಕ್ ಆಮ್ಲವೇ. ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಉಳಿದ ಗಟ್ಟಿ ಚೊಗರಿಗೆ ಬಿಸಿನೀರು ಬೆರೆಸಿ, ಬ್ರಷ್ಷಿನಲ್ಲಿ ಬಾಡಿಗೆಲ್ಲ ಬಳಿದೆವು. ಕೇಸರಿ ಇದ್ದಲ್ಲೆಲ್ಲ ನೋಡುತ್ತಿದ್ದಂತೆ ಕಪ್ಪಾಯಿತು. ಪವಾಡವೇನಲ್ಲ. ತೆಳು ತುಕ್ಕಿನ ಮೇಲೆ ಚೆನ್ನಾಗಿ ಕೂತಿತು, ದಪ್ಪ ಹೊಪ್ಪಳೆಯ ಮೇಲೆ ಮೇಲುಮೇಲಕ್ಕೆ ಕೂತು ಉದುರಿತು. ಒಮ್ಮೆ ನೀರು ಬಿದ್ದರೆ ಮತ್ತೆ ಬಳಿಯಬೇಕು. ಆದರೂ ಆ ಎರಡು ತಿಂಗಳು ದಾಟಿಸಿತು. ಬಣ್ಣಕ್ಕೆ ಮುಂಚೆ ಅದನ್ನು ತೊಳೆದು, ಉಜ್ಜಿ, ಥಿನ್ನರಿನಲ್ಲಿ ಒರೆಸಿಯೇ ಎಪಾಕ್ಸಿ ಪ್ರೈಮರ್ ಹೊಡೆದೆವು. ಅದರ ಮೇಲೆಯೇ ನೇರ ಬಣ್ಣ ಬಳಿಯುವ ಧೈರ್ಯ ನನಗಿರಲಿಲ್ಲ.

ಇನ್ನು ಹೊಸದಾಗಿ ಏನೇನು ಸೇರಿಸುವುದು ಅನ್ನುವ ಜಗಳ. ತಮ್ಮನಿಗೆ ಟರ್ಬೊ ಎಂಜಿನ್ ಕೂರಿಸುವ ಆಸೆ. ನಮ್ಮದರಲ್ಲಿರುವುದು ಪೆಜೊ ವಿನ್ಯಾಸದ 2112 ಸಿ.ಸಿ. ಡೀಸೆಲ್. ಹತ್ತುವಾಗ ಹೊಗೆ ಬಿಡುತ್ತದೆ, ಆದರೆ ಹತ್ತುತ್ತದೆ. ನಾನು ಎರಡು ಕಾರಣ ಕೊಟ್ಟೆ. ಒಂದು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕಂಪನಿ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಇನ್ನೊಂದು, ಈ ಗಾಡಿ ನಿಂತಿದ್ದು ಓಡಲು ಶಕ್ತಿ ಇಲ್ಲದೆ ಅಲ್ಲ, ನಿಲ್ಲಲು ಬ್ರೇಕ್ ಇಲ್ಲದೆ. ತಮ್ಮ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಈಗಲೂ ಒಪ್ಪಿದ್ದಾನೆ ಅಂತ ನನಗನ್ನಿಸುವುದಿಲ್ಲ.

ಎಂಜಿನ್ನಿಗೆ ಇಡಬೇಕೆಂದಿದ್ದ ದುಡ್ಡೆಲ್ಲ ಬ್ರೇಕಿಗೆ ಹೋಯಿತು. ನಮ್ಮ ಜೀಪಿನಲ್ಲಿ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ಇರಲಿಲ್ಲ, ಬ್ರೇಕ್ ಆಯಿಲ್ಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರೂ ಒಂದೇ ಸರ್ಕ್ಯೂಟಿನದು. ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋದಂತೆ. ನಮಗೆ ಆಗಿದ್ದೂ ಅದೇ, ಹಿಂದಿನ ಪೈಪು ತುಕ್ಕಿಗೆ ಒಡೆದಿತ್ತು. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಜೊತೆಗೆ ವ್ಯಾಕ್ಯೂಮಿನ (ಗಾಳಿ ಹೀರಿದ ನಿರ್ವಾತದ) ಬಲದಲ್ಲಿ ಕೆಲಸ ಮಾಡುವ ಬೂಸ್ಟರ್ ಹಾಕಿದೆವು. ಹೀಗೆ ಮಾಡಹೊರಟವರು ಒಂದನ್ನು ಮರೆಯುತ್ತಾರೆ. ಪೆಟ್ರೋಲ್ ಗಾಡಿಯ ಹಾಗೆ ಡೀಸೆಲ್ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿ, ಅಂದರೆ ಮ್ಯಾನಿಫೋಲ್ಡಿನಲ್ಲಿ, ಬೇಕಾದಷ್ಟು ವ್ಯಾಕ್ಯೂಮ್ ಹುಟ್ಟುವುದಿಲ್ಲ, ಬೇರೆ ಪಂಪು ಬೇಕು. ಬೆನ್ನಿಗೇ ವ್ಯಾಕ್ಯೂಮ್ ಪಂಪು ಇರುವ ಆಲ್ಟರ್ನೇಟರ್ (ಬ್ಯಾಟರಿಗೆ ಕರೆಂಟು ಹುಟ್ಟಿಸುವ ಯಂತ್ರ) ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಹಳೇ ಆಲ್ಟರ್ನೇಟರ್ ಹೇಗೂ ಬದಲಿಸಬೇಕಿತ್ತು, ಒಂದೇ ಬೆಲ್ಟಿನಲ್ಲಿ ಎರಡೂ ಕೆಲಸ ಮುಗಿಯಿತು. ಅಳವಡಿಸುವ ಬ್ರಾಕೆಟ್ಟು ಮಾತ್ರ ಮೂರು ಸಲ ಮಾಡಬೇಕಾಯಿತು. ಬೆಲ್ಟು ಕೂದಲೆಳೆಯಷ್ಟು ಓರೆಯಾದರೂ ಕಿರುಚುತ್ತದೆ.

ವೈರಿಂಗ್ ಪೂರ್ತಿ ಹೊಸದು. ಹೆಡ್‌ಲೈಟಿಗೆ ಬ್ಯಾಟರಿಯಿಂದ ನೇರ ಕರೆಂಟು ಕೊಡುವ ರಿಲೇ ಹಾಕಿದ್ದಷ್ಟೇ ಹೇಳಬೇಕಾದ ವಿಷಯ, ಅದೇ ಬಲ್ಬು ಎರಡರಷ್ಟು ಬೆಳಗಿತು. ಸೀಟ್ ಬೆಲ್ಟು ಹೆಂಡತಿಯ ಷರತ್ತು, ಹಾಕಿಸಿದೆವು.

ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಫೋರ್ ವ್ಹೀಲಿನ ಕಥೆ ಬೇರೆ. ಗೇರ್ ಲಿವರಿನ ಪಕ್ಕ ಎರಡು ಚಿಕ್ಕ ಲಿವರುಗಳು, ಒಂದು ಮುಂದಿನ ಚಕ್ರಕ್ಕೆ, ಇನ್ನೊಂದು ಹೈ, ಲೋ ಗೇರಿಗೆ. ಎರಡೂ ಜಾಮ್ ಆಗಿದ್ದವು. ಆ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸು ಬಿಚ್ಚಿದರೆ ನಡುವಿನ ಶಾಫ್ಟು ಉಗುರಿಗೆ ತಾಗುವಷ್ಟು ಸವೆದಿತ್ತು. ಶಾಫ್ಟು, ಸೂಜಿ ಬೇರಿಂಗು, ಸೀಲುಗಳು ಹೊಸವು. ಮುಂದಿನ ಚಕ್ರ ತಿರುಗುವಲ್ಲಿರುವ ಕಿಂಗ್ ಪಿನ್ ಬೇರಿಂಗಿನ ಶಿಮ್ಮುಗಳನ್ನು (ಬಿಗಿ ಹೊಂದಿಸುವ ತೆಳು ಬಿಲ್ಲೆಗಳನ್ನು) ಅಪ್ಪಯ್ಯನೇ ಕೂತು ಹೊಂದಿಸಿದರು. ಒಂದು ತೆಗೆದು, ಒಂದು ಹಾಕಿ, ಕೈಯಲ್ಲಿ ತಿರುಗಿಸಿ ನೋಡಿ, ಮತ್ತೆ ತೆಗೆದು. ಎಪ್ಪತ್ತೆಂಟು ವರ್ಷದ ಕೈ ನಡುಗುತ್ತದೆ, ಆದರೆ ಬಿಗಿ ಎಷ್ಟು ಅನ್ನುವುದು ಅದಕ್ಕೆ ಗೊತ್ತು. ಮೊದಲು ನಲವತ್ತು ಕಿಲೋಮೀಟರ್ ವೇಗಕ್ಕೆ ಸ್ಟೇರಿಂಗ್ ಗಡಗಡ ಅದುರುತ್ತಿತ್ತು, ಈಗಿಲ್ಲ.

ಬಣ್ಣ ಹೊಡೆದಿದ್ದು ಶಿವರಾತ್ರಿ ಕಳೆದ ಮೇಲೆ. ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬನಿ ಆರಿದ ನಂತರ ಶುರು, ಮೂರು ಗಂಟೆಗೆ ಬಂದ್. ಡ್ರೈವರ್ ಬದಿಯಲ್ಲಿ ಒಂದು ನೊಣ ಅಂಟಿಕೊಂಡು ಅಲ್ಲೇ ಉಳಿದಿದೆ. ಖರ್ಚು ಎರಡು ಲಕ್ಷ ಮೂವತ್ತು ಸಾವಿರ ಚಿಲ್ಲರೆ, ನಮ್ಮ ಕೂಲಿ ಬಿಟ್ಟು. ಆ ದುಡ್ಡಿಗೆ ಓಡುವ ಹಳೇ ಪಿಕಪ್ಪೇ ಬರುತ್ತಿತ್ತು ಅಂದವರಿದ್ದಾರೆ, ಬರುತ್ತಿತ್ತು ನಿಜ.

ಮೊದಲ ಮಳೆ ಬಿದ್ದ ಮಾರನೆಯ ದಿನ ಹೊಳೆಯಾಚೆಯ ತೋಟಕ್ಕೆ ಇಳಿಸಿದೆವು. ಟಾರಿನ ಮೇಲೆ ಫೋರ್ ವ್ಹೀಲ್ ಹಾಕಬಾರದು. ಮುಂದಿನ ಹಿಂದಿನ ಆಕ್ಸಲ್ಲು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಶಿಯಲ್ ಇದರಲ್ಲಿ ಇಲ್ಲ, ತಿರುವಿನಲ್ಲಿ ಎರಡೂ ಒಂದಕ್ಕೊಂದು ಜಗ್ಗಾಡುತ್ತವೆ. ಹಾಗಾಗಿ ಮಣ್ಣು ಸಿಕ್ಕ ಮೇಲೆ ನಿಲ್ಲಿಸಿ, ತಮ್ಮ ಲಿವರ್ ಎಳೆದ. ಕಟ್ ಅಂತ ಕೂತಿತು. ಲೋನಲ್ಲಿ ಮೊದಲ ಗೇರು, ಆಕ್ಸಿಲರೇಟರಿಗೆ ಕಾಲೇ ಇಡದೆ ದರೆ ಹತ್ತಿತು. ಅಪ್ಪಯ್ಯ ಪಕ್ಕದ ಸೀಟಿನಲ್ಲಿ ಕೂತು ಇಡೀ ದಾರಿ ಬ್ರೇಕ್ ಒತ್ತುವವರ ಹಾಗೆ ಕಾಲು ಒತ್ತಿಕೊಂಡಿದ್ದರು.

ಬೋರ್ಡೋ ಡ್ರಮ್ಮು ಈಗಲೂ ಜೀಪಿನಲ್ಲೇ ಹೋಗುತ್ತದೆ. ಅಡಿಯಲ್ಲಿ ಅಂಚು ಎತ್ತರದ ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದೇವೆ. ಮೈಲುತುತ್ತ ಕರಗಿಸುವುದು ಕೆಳಗೆ, ಗಾಡಿಯ ಮೇಲೆ ಅಲ್ಲ. ಸಂಜೆ ವಾಪಸ್ಸು ಬಂದ ಕೂಡಲೇ ಪೈಪು ಹಿಡಿದು ತೊಳೆಯುವುದು ಮಗಳ ಪಾಳಿ, ಅವಳಿಲ್ಲದಾಗ ನನ್ನದು. ಟ್ರಾನ್ಸ್‌ಫರ್ ಕೇಸು ಮಾತ್ರ ಹೊಸ ಸೀಲು ಹಾಕಿದರೂ ದಿನಕ್ಕೆ ನಾಲ್ಕಾರು ಹನಿ ಎಣ್ಣೆ ಬಿಡುತ್ತಿದೆ. ಅದರ ಕೆಳಗೆ ಒಂದು ಅಡಿಕೆ ಹಾಳೆ ಇಟ್ಟಿದ್ದೇವೆ. ವಾರಕ್ಕೊಮ್ಮೆ ಅಮ್ಮ ಅದನ್ನು ಒಲೆಗೆ ಹಾಕಿ, ಬೇರೆ ಹಾಳೆ ಇಡುತ್ತಾಳೆ.